ರಾಜ್ಯ ಬಿಟ್ಟ ಪೆಟ್ಟಿಗೆ

ಪೆಟ್ಟಿಗೆಯ ನೆತ್ತಿಯ ಮೇಲಿನ ಹಸಿರು ದೀಪ ಕೆಂಪಾಗಿದ್ದನ್ನು ಮೊದಲು ಕಂಡವಳು ಪಿಳ್ಳಮ್ಮಜ್ಜಿ. ಅವಳಿಗೆ ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. ಮೊಮ್ಮಗ ಮನೆಗೆ ತಂದ ಸಾಮಾನೆಲ್ಲ ಹೀಗೆ ಏನಾದರೊಂದು ಬಣ್ಣದಲ್ಲಿ ಮಿಣುಕುತ್ತಲೇ ಇರುತ್ತಿತ್ತು. ತಿಂಡಿ ಮುಗಿಸಿದ ಮೊಮ್ಮಗಳು ಪವಿತ್ರ ಸಸಿ ಬೆಳೆಸುವ ಪಾಲಿಹೌಸಿನ ಬಾಗಿಲು ಸರಿಸಿದಾಗಲೇ ಗೊತ್ತಾದದ್ದು. ತಲೆಯ ಮೇಲೆ ಮಂಜು ಉದುರಿಸುವ ಸಣ್ಣ ಪೈಪುಗಳು ಒಣಗಿ ನಿಂತಿದ್ದವು. ಟ್ರೇಗಳಲ್ಲಿ ಆಗಷ್ಟೇ ಎರಡೆಲೆ ಬಿಟ್ಟಿದ್ದ ಟೊಮೆಟೊ ಸಸಿ, ಅವರ ಮಾತಿನ ನಾರು, ಸೊಪ್ಪಾಗಿ ಬಾಗಿತ್ತು.

"ಶಂಕ್ರಾ! ಬಾರ್ಲಾ ಇಲ್ಲಿ! ನಿನ್ ಬುದ್ಧಿವಂತ ಪೆಟ್ಗೆ ಏನ್ ಮಾಡೈತೆ ನೋಡ್ಬಾ!"

ಉಮಾಶಂಕರ ಓಡಿ ಬಂದ. ಅವನಿಗೆ ಅಂದು ಹೊಸೂರಿನ ಕಾರ್ಖಾನೆಯಲ್ಲಿ ವಾರದ ರಜೆ. ಆ ಕಾರ್ಖಾನೆಯಲ್ಲಿ ಯಾರೇ ಫೋನ್ ಕೊಳ್ಳಲಿ, ಇಯರ್‌ಬಡ್ ಕೊಳ್ಳಲಿ, ಮೊದಲು ಅವನನ್ನು ಕೇಳಿಯೇ ಕೊಳ್ಳುತ್ತಿದ್ದರು. ಈ ಪೆಟ್ಟಿಗೆಯನ್ನೂ ಅವನು ವಿಡಿಯೊ ಮೇಲೆ ವಿಡಿಯೊ ನೋಡಿ, ಯಾರ್ಯಾರದೋ ಗ್ರೂಪಿನಲ್ಲಿ ವಾದ ಮಾಡಿ, ಆರಿಸಿ ತಂದಿದ್ದ. ಬಿಸಿಲು ಅಳೆಯುತ್ತದೆ, ತೇವ ಅಳೆಯುತ್ತದೆ, ತಾನೇ ನೀರು ಬಿಡುತ್ತದೆ. ಅಕ್ಕ ಬೇಡವೆಂದಿದ್ದಳು. ಗೋಡೆಗೆ ಒಂದು ಸ್ವಿಚ್ಚು, ಪೈಪಿಗೆ ಒಂದು ತಿರುಗುಣಿ, ಅವಳಿಗೆ ಅಷ್ಟೇ ಸಾಕಾಗಿತ್ತು. ಅವೆರಡನ್ನೂ ಕಿತ್ತು ಗುಜರಿಗೆ ಹಾಕಿದವನು ಇವನೇ.

ಅವನ ಫೋನಿನಲ್ಲಿ ಕಂಪನಿಯ ಸಂದೇಶ ಬಂದು ಕೂತಿತ್ತು: ನಿಮ್ಮ ಸಾಧನವು ನೋಂದಾಯಿತ ರಾಜ್ಯವನ್ನು ತೊರೆದಿದೆ. ಕಳ್ಳತನದ ಶಂಕೆಯ ಮೇರೆಗೆ ಲಾಕ್ ಮಾಡಲಾಗಿದೆ.

ಅವನು ಜೋರಾಗಿ ಓದಿದ. ಅಜ್ಜಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ರಾಜ್ಯ ಬುಟ್ಟು ಓಗಾಕೆ ಅದುಕ್ಕೇನ್ಲಾ ಕಾಲೈತಾ?"

ಕಾಲಿರಲಿಲ್ಲ, ಸಿಮ್ ಇತ್ತು. ತಮಿಳುನಾಡಿನ ಗಡಿಯೂರು ಬೇರಿಕೆಯಲ್ಲಿ ಹುಟ್ಟಿದ ಯಾರಿಗೂ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಅಡುಗೆಮನೆಯಲ್ಲಿ ನಿಂತರೆ ಫೋನು ತಮಿಳುನಾಡು ಅನ್ನುತ್ತದೆ, ದನದ ಕೊಟ್ಟಿಗೆಗೆ ಹೋದರೆ ಕರ್ನಾಟಕಕ್ಕೆ ಸ್ವಾಗತ ಅನ್ನುತ್ತದೆ. ಗಡಿಯಾಚೆ ಮೊನ್ನೆಯಷ್ಟೇ ಒಂದು ಹೊಸ ಟವರ್ ಎದ್ದಿತ್ತು. ತಮಿಳುನಾಡಿನ ಲೆಕ್ಕದಲ್ಲಿ ಮಾರಿದ ಪೆಟ್ಟಿಗೆ ರಾತ್ರೋರಾತ್ರಿ ಆ ಟವರಿನ ಕೈ ಹಿಡಿದು, ತಾನು ಕದ್ದ ಮಾಲು ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡಿತ್ತು.

"ತೆಗ್ದು ಬಿಸಾಕು. ಪೈಪ್ ನೇರ ಸೇರ್ಸು," ಅಂದಳು ಪವಿತ್ರ.

"ಸೀಲ್ ಒಡುದ್ರೆ ವಾರಂಟಿ ಹೋಯ್ತದೆ ಅಕ್ಕಾ. ಒಂದ್ ಪೋನ್ ಮಾಡುದ್ರೆ ಆಯ್ತು. ಅವ್ರು ಅಲ್ಲಿಂದ್ಲೇ ಬಿಚ್ತಾರೆ."

"ಬಿಸ್ಲು ಏರ್ತಾ ಐತೆ ಕಣ್ಲಾ. ಮದ್ಯಾನದೊಳ್ಗೆ ನೀರ್ ಬೀಳ್ದಿದ್ರೆ ಇವು ಸೀದೋಯ್ತವೆ. ಔಷ್ದಿ ಪಂಪಲ್ಲಿ ಹೊಡೆಯಾನ ಅಂದ್ರೆ ಅದುರ್ ತುಂಬಾ ಕಳೆ ಔಷ್ದಿ."

"ಪೋನ್ ಮಾಡ್ತೀನಿ ಅಂದ್ನಲ್ಲ!"

ಅವನು ಕನ್ನಡಕ್ಕೆಂದು ಹೇಳಿದ ಗುಂಡಿ ಒತ್ತಿದ. ಹುಡುಗಿಯೊಬ್ಬಳು ಸಿಹಿಯಾದ ಬೆಂಗಳೂರು ಕನ್ನಡದಲ್ಲಿ ಎಲ್ಲ ಕೇಳಿಸಿಕೊಂಡಳು. "ಸರ್, ನಿಮ್ಮದು ತಮಿಳುನಾಡು ಅಕೌಂಟ್. ನೀವು ತಮಿಳು ವಿಭಾಗದವರ ಹತ್ತಿರ ಮಾತಾಡಬೇಕು." ಸಂಗೀತ ಬಂತು. ಆಮೇಲೆ ಗಂಡುದನಿ: "ಸಾರ್, ಉಂಗ ಡಿವೈಸ್ ಇಪ್ಪೋ ಕರ್ನಾಟಕಾಲ ಇರುಕ್ಕು. ನೀಂಗ ಕನ್ನಡ ಸೆಕ್ಷನ್ ಕಿಟ್ಟ ಪೇಸಣುಂ." ಪೆಟ್ಟಿಗೆ ಈಗ ಕರ್ನಾಟಕದಲ್ಲಿದೆ, ಕನ್ನಡದವರನ್ನೇ ಕೇಳಬೇಕಂತೆ. ಮತ್ತೆ ಸಂಗೀತ. ಮತ್ತೆ ಅದೇ ಹುಡುಗಿ, ಮೊದಲ ಸಲ ಮಾತಾಡುವಂತೆ, ನಮಸ್ಕಾರ ಅಂದಳು.

ಉಮಾಶಂಕರನ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಅವನನ್ನು ಕನ್ನಡದವನು ಅಂದಿದ್ದರು. ಬೆಂಗಳೂರಿಗೆ ಸಂದರ್ಶನಕ್ಕೆ ಹೋದಾಗ, ನಿಮ್ಮ ಕನ್ನಡದಲ್ಲಿ ತಮಿಳು ವಾಸನೆ ಇದೆಯಲ್ಲ ಅಂದು ನಕ್ಕಿದ್ದರು. ಅದನ್ನೆಲ್ಲ ಅವನು ನುಂಗಿಕೊಂಡಿದ್ದ, ಏಕೆಂದರೆ ಅವರು ಮನುಷ್ಯರು, ಅವರ ತಲೆಯಲ್ಲಿ ಕಸ ಇರುವುದು ಸಹಜ. ಯಂತ್ರ ಹಾಗಲ್ಲ, ಯಂತ್ರಕ್ಕೆ ಊರು ಕೇರಿ ಇಲ್ಲ ಎಂದು ನಂಬಿದ್ದ. ಅದಕ್ಕೇ ಅವುಗಳ ಹಿಂದೆ ಬಿದ್ದಿದ್ದ. ಈಗ ನೋಡಿದರೆ ಯಾರೋ ಅದೇ ಕಸವನ್ನು ಅದರೊಳಗೂ ತುಂಬಿ ಕಳಿಸಿದ್ದರು.

"ಸಾಧನ ಇರೋ ಜಾಗದ ಫೋಟೊ ಕಳಿಸ್ತೀರಾ ಸರ್?"

ಒಳಗೆ ಫೋಟೊ ತೆಗೆಯದಂತೆ ಕಾರ್ಖಾನೆಯ ಗೇಟಿನಲ್ಲಿ ಫೋನಿನ ಕ್ಯಾಮೆರಾ ಮೇಲೆ ಅಂಟಿಸಿದ ಸ್ಟಿಕರ್ ಇನ್ನೂ ಇತ್ತು. ಉಗುರಲ್ಲಿ ಕೆರೆದ. ಅಂಟು ಉಳಿಯಿತು. ಫೋಟೊದಲ್ಲಿ ಬಿದ್ದದ್ದು ಬರೀ ಬಿಳಿ ಮಬ್ಬು.

"ಸ್ಪಷ್ಟವಾಗಿಲ್ಲ ಸರ್. ಒಂದು ಕೆಲಸ ಮಾಡಿ. ಸಾಧನವನ್ನು ತಮಿಳುನಾಡಿಗೆ ವಾಪಸ್ ತಗೊಂಡು ಹೋಗಿ. ತಾನಾಗಿಯೇ ಅನ್‌ಲಾಕ್ ಆಗುತ್ತೆ."

"ಮೇಡಂ, ಇದು ತಮಿಳ್ನಾಡೇ."

"ಸಿಸ್ಟಮ್ ಹಾಗೆ ತೋರಿಸ್ತಿಲ್ಲ ಸರ್."

ಪವಿತ್ರ, ಕೆಲಸಕ್ಕೆ ಬಂದಿದ್ದ ಸೆಲ್ವಿ ಇಬ್ಬರೂ ಬೇವಿನ ಕೊಂಬೆ ಬಕೆಟ್ಟಿಗೆ ಅದ್ದಿ ಟ್ರೇಗಳ ಮೇಲೆ ಚಿಮುಕಿಸುತ್ತಿದ್ದರು. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಮೊದಲ ಸಾಲು ಒಣಗುತ್ತಿತ್ತು. ಅವನು ಆ ಕಡೆ ನೋಡಲಾರದೆ, ಸೀಲ್ ಮಾಡಿದ ಬುಡವನ್ನು ಪೈಪಿನ ಮೇಲೇ ಬಿಟ್ಟು, ಬ್ಯಾಟರಿಯಲ್ಲಿ ಇನ್ನೂ ಉರಿಯುತ್ತಿದ್ದ ಪೆಟ್ಟಿಗೆಯನ್ನಷ್ಟೇ ಕಳಚಿ ಬೆನ್ನಿನ ಚೀಲಕ್ಕೆ ತುರುಕಿ ಬೈಕ್ ಹತ್ತಿದ.

"ಎಲ್ಲಿಗ್ಲಾ?"

"ತಮಿಳ್ನಾಡ್ಗೆ!" ಎಂದು ಕಿರುಚಿದ. ಸೆಲ್ವಿ ನಕ್ಕಳು. ಪವಿತ್ರ ನಗಲಿಲ್ಲ.

ಗಡಿಯಿಂದ ದೂರ ಸಾಗುವ ಶೂಲಗಿರಿ ರಸ್ತೆಯಲ್ಲಿ, ಟೊಮೆಟೊ ಕ್ರೇಟು ಹೇರಿದ ಟೆಂಪೋಗಳ ನಡುವೆ, ಆಗಾಗ ಬೈಕ್ ನಿಲ್ಲಿಸಿ ಚೀಲ ಬಿಚ್ಚಿ ನೋಡಿದ. ಕೆಂಪು. ಇನ್ನಷ್ಟು ದೂರ ಹೋದ. ಕೆಂಪು. ಕೊನೆಗೆ ಒಂದು ಪೆಟ್ರೋಲ್ ಬಂಕಿನ ಎದುರು ಅದು ಟಿಂಗ್ ಎಂದು ಹಸಿರಾಯಿತು. ಪೆಟ್ಟಿಗೆಯೊಳಗಿನ ಹೆಣ್ಣುದನಿ ತಮಿಳಿನಲ್ಲಿ ವಣಕ್ಕಂ ಅಂದಿತು. ಅವನಿಗೆ ಒಂದು ಗಳಿಗೆ ನಿಜವಾಗಿ ಖುಷಿಯಾಯಿತು. ಆ ಖುಷಿಗಾಗಿ ಆಮೇಲೆ ತನ್ನನ್ನೇ ಬೈದುಕೊಂಡ.

ವಾಪಸ್ ಬಂದು ತೋಟದ ತಿರುವು ತಿರುಗುತ್ತಿದ್ದಂತೆ ಪೆಟ್ಟಿಗೆಗೆ ಮತ್ತೆ ಆ ಟವರ್ ಸಿಕ್ಕಿ, ಬೆನ್ನಿನ ಮೇಲೆ ಸೈರನ್ ಶುರುವಾಯಿತು. ಸೈರನ್ನಿನ ನಡುವೆ ಅದೇ ಹೆಣ್ಣುದನಿ: "ಎಚ್ಚರಿಕ್ಕೈ! ಇದು ತಿರುಟ್ಟು ಪೊರುಳ್!" ಮತ್ತೆ ಕನ್ನಡದಲ್ಲಿ: "ಎಚ್ಚರಿಕೆ! ಇದು ಕದ್ದ ವಸ್ತು!"

ರಸ್ತೆ ಬದಿಯ ಟೀ ಅಂಗಡಿಯ ಶಿವಣ್ಣ ಆಚೆ ಬಂದ. ಅವನ ಹಿಂದೆ ನಾಲ್ಕಾರು ಜನ.

"ಏನ್ಲಾ ಶಂಕ್ರ, ಅಗಲೊತ್ನಲ್ಲೇ ಏನ್ ಕದ್ಕಂಡ್ ಬಂದೆ?"

"ಕಳ್ಳುನ್ ಬೆನ್ ಮೇಲೆ ಮಾಲೇ ಕೂಗ್ಕೊಳದ್ನ ಇವತ್ತೇ ಕಣಪ್ಪಾ ನೋಡಿದ್ದು!"

ಅವನು ಬೈಕನ್ನು ಬೀಳಲು ಬಿಟ್ಟು ಒಳಗೆ ನಡೆದ. ಪಾಲಿಹೌಸಿನೊಳಗೆ ಒಲೆಯ ಬಾಯಿಯಂಥ ಕಾವು. ಪಡುವಣ ಕಡೆಯ ಟ್ರೇಗಳಲ್ಲಿ ನಾರು ಬಾಗಿ ನಿಂತಿರಲಿಲ್ಲ, ಮಲಗಿಬಿಟ್ಟಿತ್ತು. ಪವಿತ್ರ ಕೊಂಬೆ ಹಿಡಿದು ಇನ್ನೂ ಚಿಮುಕಿಸುತ್ತಿದ್ದಳು. ಅವಳು ತಲೆಯೆತ್ತಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಚೀಲವನ್ನು ನೆಲಕ್ಕೆ ಎಸೆದು ಪೈಪು ಕೊಯ್ಯುವ ಹ್ಯಾಕ್ಸಾ ಬ್ಲೇಡು ತಂದ. ಕಂಪನಿಯ ಮುದ್ರೆಯಿದ್ದ ಬುಡ, ಅದರೊಳಗೆ ಬಿಗಿದು ಮುಚ್ಚಿದ್ದ ವಾಲ್ವು. ಎಲ್ಲಿ ಕೊಯ್ಯಬೇಕೆಂದು ಯೋಚಿಸಲಿಲ್ಲ. ಎರಡೂ ಕಡೆ ಕೊಯ್ದ. ಬ್ಲೇಡು ಬೆರಳಿಗೂ ತಾಕಿತು. ಸೈರನ್ ಕೂಗುತ್ತಿತ್ತು, ಹೆಂಗಸು ಕದ್ದ ವಸ್ತು ಕದ್ದ ವಸ್ತು ಅನ್ನುತ್ತಿದ್ದಳು, ಅವನು ಹಲ್ಲು ಕಚ್ಚಿ ಕೊಯ್ಯುತ್ತಿದ್ದ.

ಪಿಳ್ಳಮ್ಮಜ್ಜಿ ಸೊಂಟಕ್ಕೆ ಕೈಕೊಟ್ಟು ಚೀಲದ ಮುಂದೆ ನಿಂತಳು.

"ಯಾವ್ಳೇ ಅವ್ಳು? ನಮ್ಮನೇಗ್ ಬಂದು, ನಮ್ ಕರೆಂಟ್ ತಿಂದು, ನಮ್ಮುನ್ನೇ ಕಳ್ರು ಅಂತೀಯಾ? ನಿಮ್ಮವ್ವ ಏನೇ ಕಲ್ಸವ್ಳೆ ನಿಂಗೆ?"

ಹೆಂಗಸು ಮತ್ತೆ ಕದ್ದ ವಸ್ತು ಅಂದಳು. ಅಜ್ಜಿ ಚೀಲದಿಂದ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ, ವೈರು ಹಿಡಿದು ಎತ್ತಿದಳು. ಆಚೆ ಹೋಗಿ ಎಮ್ಮೆಯ ಕಲಗಚ್ಚಿನ ಬಾನಿಗೆ ಇಳಿಬಿಟ್ಟಳು. ದನಿ ಗೊಳಗೊಳ ಎಂದು ಎರಡು ರಾಜ್ಯದ ಭಾಷೆಯೂ ಅಲ್ಲದ ಏನನ್ನೋ ಹೇಳಿ ನಿಂತಿತು. ಎಮ್ಮೆ ಮೂಸಿ ಮುಖ ತಿರುಗಿಸಿತು.

ವಾಲ್ವು ಇದ್ದ ಜಾಗಕ್ಕೆ ಉಮಾಶಂಕರ ರಬ್ಬರ್ ಪೈಪಿನ ತುಂಡು ತೂರಿಸಿ ತಂತಿ ಬಿಗಿದ. ಮೋಟರಿನ ವೈರನ್ನು ನೇರ ಕರೆಂಟಿಗೆ ಕೊಟ್ಟ. ಪೈಪುಗಳು ಕೆಮ್ಮಿದವು, ಗಾಳಿ ಉಗುಳಿದವು, ಆಮೇಲೆ ಮಂಜು ಇಳಿಯತೊಡಗಿತು. ಪವಿತ್ರ ಕೊಂಬೆ ಕೆಳಗಿಟ್ಟು ಸಾಲುಗಳ ನಡುವೆ ನಡೆದಳು. ಇನ್ನೂ ಜೀವವಿದ್ದ ಮೂಡಣ ಕಡೆಯ ಟ್ರೇಗಳನ್ನು ನೋಡಿ ಸೆರಗಲ್ಲಿ ಮುಖ ಒರೆಸಿಕೊಂಡಳು. ಪಡುವಣ ಕಡೆ ಹೋಗಿ, ಒಂದು ನಾರನ್ನು ಉಗುರಿನಿಂದ ಎತ್ತಿ ನಿಲ್ಲಿಸಿದಳು. ಅದು ಮತ್ತೆ ಬಿತ್ತು.

ಅವನ ಫೋನು ಬಡಿದುಕೊಂಡಿತು. ಅದೇ ಹುಡುಗಿ.

"ಸರ್, ಸಾಧನ ತಮಿಳುನಾಡಿಗೆ ವಾಪಸ್ ಬಂತಾ?"

"ಸಾಧ್ನ ಕಲಗಚ್ಚಲ್ಲೈತೆ. ಬರ್ಕೊಳಿ. ಸೀಲ್ ನಾನೇ ಒಡ್ದಿರದು, ಅದುನ್ನೂ ಬರ್ಕೊಳಿ. ಇನ್ನೊಂದು." ದನಿ ಒಡೆಯಿತು, ಕಿರುಚಾಟವಾಯಿತು. "ನಾವೆಲ್ಲೂ ಓಗಿಲ್ಲ ಕಣ್ರೀ! ಇದು ಬೇರಿಕೆ! ನಮ್ಮಜ್ಜಿ ಹುಟ್ಟಕ್ ಮುಂಚೆಯಿಂದ್ಲೂ ಇಲ್ಲೇ ಐತೆ!"

"ಸರ್, ಪಿನ್‌ಕೋಡ್ ಹೇಳ್ತೀರಾ?"

ಅವನು ಫೋನು ಎಸೆಯಲೆಂದು ಕೈಯೆತ್ತಿದ. ಮಂಜಿನಲ್ಲಿ ತೊಯ್ದ ಪವಿತ್ರ ಆ ಕೈಯನ್ನು ಹಿಡಿದು, ಫೋನು ಕಿತ್ತು ಅವನ ಜೇಬಿಗೇ ಹಾಕಿದಳು. ಸತ್ತ ನಾರಿನ ಟ್ರೇಯೊಂದನ್ನು ಅವನ ಎದೆಗೆ ಒತ್ತಿದಳು.

"ಇವುನ್ನೆಲ್ಲ ತಿಪ್ಪೇಗ್ ಸುರ್ದು ಬಾ. ಆಮ್ಯಾಕೆ ಗುಜ್ರಿ ಅಂಗ್ಡಿಗ್ ಓಗು," ಅಂದಳು. "ನನ್ ಸ್ವಿಚ್ಚು ಇನ್ನೂ ಅಲ್ಲೈತಾ ಕೇಳು."