ಹಗುರದ ಫೈಲು

ಕೊಬ್ಬರಿ ಟೆಂಡರ್ ಮುಗಿಯಲು ಇನ್ನೂ ಹೊತ್ತಿರುವಾಗಲೇ ಬೆಳೆಗಾರರ ಸಂಘದ ಕಂಪ್ಯೂಟರ್ ಕೈಕೊಟ್ಟಿತು. ಪವಿತ್ರಾ ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಪರದೆಯ ಮೇಲೆ ಚಕ್ರ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತೇ ಹೊರತು ಖರೀದಿದಾರರ ಒಂದು ಬೆಲೆಯೂ ಒಳಗೆ ಬರಲಿಲ್ಲ.

ಹೊನ್ನವಳ್ಳಿಯ ಬೆಳೆಗಾರರು ತಮ್ಮ ಕೊಬ್ಬರಿಯ ಫೋಟೋಗಳನ್ನು ಒಂದು ಜಿಪ್ ಫೈಲಿನಲ್ಲಿ ಅಮುಕಿ ಕಳಿಸುವುದು, ದೂರದೂರಿನವರು ನೋಡಿ ಬೆಲೆ ಹಾಕುವುದು, ಈ ಏರ್ಪಾಡೆಲ್ಲ ಅವಳದೇ. ಭಾರೀ ಫೈಲುಗಳನ್ನು ಬಾಗಿಲಲ್ಲೇ ತಡೆಯುವಂತೆ ಮಾಡಿದ್ದಳು. ಹಗುರದ್ದಕ್ಕೆ ತಡೆಯಿರಲಿಲ್ಲ. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲಿಟ್ಟ ಕಾಯಿಯನ್ನು ಕೈಯಲ್ಲಿ ತೂಗಿ ನೋಡುತ್ತಾ ಬೆಳೆದವಳು ತಾನೆ? ಭಾರದ್ದರಲ್ಲಿ ನೀರಿರುತ್ತದೆ, ಹಗುರಾದದ್ದೇ ಒಳ್ಳೆಯ ಮಾಲು ಎಂದು ನಂಬಿದ್ದಳು.

ಸಾಫ್ಟ್‌ವೇರ್ ಮಾಡಿಕೊಟ್ಟವನು ಫೋನಿನಲ್ಲಿ ಹೇಳಿದ: "ಬೆಳಿಗ್ಗೆ ಬಂದ ಪುಟ್ಟ ಫೈಲೇ ಮೇಡಂ. ಒಳಗೆ ಫೋಟೋನೇ ಇಲ್ಲ, ಬರೀ ಸೊನ್ನೆ ತುಂಬಿದಾರೆ. ಬಿಚ್ಚಿದ ತಕ್ಷಣ ಉಬ್ಬಿ ಇಡೀ ಮಿಷಿನ್ನೇ ತುಂಬ್ಕೊಂಡಿದೆ. ಬೇಕಂತ್ಲೇ ಮಾಡಿರೋದು. ಇವತ್ತು ಸರಿಹೋಗಲ್ಲ."

ಫೈಲು ಹುಚ್ಚಕ್ಕನ ಹೆಸರಿನಲ್ಲಿತ್ತು. ಪ್ರತಿ ವರ್ಷ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುತ್ತಿದ್ದ ಒಂಟಿ ಹೆಂಗಸು. ಈ ಸಲ ಸಂಘಕ್ಕೆ ಕರೆತಂದವಳು ಪವಿತ್ರಾಳೇ.

"ಪೊಲೀಸ್ಗೆ ಕೊಡೋದೇ ಸೈ," ಎಂದರು ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯ. "ಯಾರ ಹೆಸ್ರಲ್ಲಿ ಬಂದೈತೋ ಅವ್ರ ಮೇಲೇ."

ಪವಿತ್ರಾ ಜಗಲಿಗೆ ಓಡಿದಳು. ಹುಚ್ಚಕ್ಕ ತನ್ನ ಚೀಲಕ್ಕೊರಗಿ ಕೂತಿದ್ದಳು.

"ಫೋಟೋನಾ? ನಿಮ್ಮನೆಯೋರೇ ಕಣವ್ವ ಕಳ್ಸಿದ್ದು. 'ನಿಂಗ್ ಗೊತ್ತಾಗಕಿಲ್ಲ, ನಾನ್ ಮಾಡ್ತೀನಿ ಬುಡು' ಅಂತ ಮೊಬೈಲ್ ಇಸ್ಕಂಡ್ರು. ಪುಣ್ಯಾತ್ಮರು."

ಪವಿತ್ರಾಳ ಗಂಡ ಆ ಮಂಡಿಯಲ್ಲೇ ಗುಮಾಸ್ತ. ಹೋದ ವಾರ ಮುದ್ದೆ ಮುರಿಯುತ್ತಾ, "ನಿಮ್ ಕಂಪ್ಯೂಟರ್ ಎಂಥಾ ಫೈಲ್ ತಡೀತದೆ?" ಎಂದು ಕೇಳಿದ್ದ. ಎಂದೂ ಹೆಂಡತಿಯ ಕೆಲಸದ ಮಾತೆತ್ತದವನು ಕೇಳಿದನಲ್ಲ ಎಂದು ಹಿಗ್ಗಿ, "ದೊಡ್ಡದು ಬರಕಿಲ್ಲ, ಚಿಕ್ಕದು ಸಲೀಸಾಗಿ ಬತ್ತದೆ" ಎಂದಿದ್ದಳು. ಈಗ ಮಂಡಿಯ ಲಾರಿ ಗೇಟಿನ ಮುಂದೆ ಕಾದು ನಿಂತಿತ್ತು. ಟೆಂಡರ್ ತಪ್ಪಿದವರು ಮಂಡಿಯವರು ಕೇಳಿದ ಬೆಲೆಗೆ ಮಾಲು ಸುರಿಯಲೇಬೇಕು.

ಅವಳಿಗೆ ಗಂಡನಿಗಿಂತ ತನ್ನ ಮೇಲೇ ಹೇಸಿಗೆಯಾಯಿತು. ಬಾಯಿ ಬಿಟ್ಟರೆ ಮನೆಯ ಮಾನ ಹೋಗುತ್ತದೆ. ಬಿಡದಿದ್ದರೆ ಹುಚ್ಚಕ್ಕ ಠಾಣೆಯ ಮೆಟ್ಟಿಲು ಹತ್ತಬೇಕು.

"ಏನಮ್ಮಾ, ಹುಚ್ಚಕ್ಕ ಅಂತ್ಲೇ ಬರೀಲಾ?" ಅವಳು ಒಳಗೆ ಬರುತ್ತಲೇ ಮಲ್ಲಿಕಾರ್ಜುನಯ್ಯ ದೂರಿನ ಹಾಳೆಯ ಮೇಲೆ ಪೆನ್ನು ಹಿಡಿದು ಕೇಳಿದರು.

ಮದುವೆಯ ದಿನ ಹೊಸಿಲಲ್ಲಿ ಅಡ್ಡಗಟ್ಟಿ ಹೇಳಿಸಿದ್ದು ಬಿಟ್ಟರೆ ಗಂಡನ ಹೆಸರನ್ನು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಎಲ್ಲರಿಗೂ ನಮ್ಮನೆಯೋರು, ಅಷ್ಟೇ.

"ಬ್ಯಾಡಿ ಸಾರ್," ಎಂದಳು. "ಸೂರ್ಯಪ್ರಕಾಶ್ ಅಂತ ಬರೀರಿ."

ಮಲ್ಲಿಕಾರ್ಜುನಯ್ಯ ತಲೆ ಎತ್ತಿ ಅವಳನ್ನೇ ನೋಡಿದರು. ಯಾವ ಸೂರ್ಯಪ್ರಕಾಶ್ ಎಂದು ಕೇಳಲಿಲ್ಲ.

ಹೊರಗೆ ಬಂದಾಗ ಹುಚ್ಚಕ್ಕ ಚೀಲದಿಂದ ಎರಡು ದುಂಡು ಕೊಬ್ಬರಿ ಆರಿಸಿ ಸೆರಗಿನಲ್ಲಿ ಒರೆಸುತ್ತಿದ್ದಳು. "ನಿಮ್ಮನೆಯೋರಿಗೆ ಕೊಡವ್ವ. ಪಾಪ, ನಂಗೋಸ್ಕರ ಅಷ್ಟು ದೂರ ಬಂದಿದ್ರು," ಎಂದು ಅವಳ ಕೈಗಿಟ್ಟಳು.

ಪವಿತ್ರಾ ಅವನ್ನು ಹಿಡಿದು ಹಾಗೇ ನಿಂತಳು. ಚೆನ್ನಾಗಿ ಒಣಗಿದ್ದವು. ಎರಡೂ ಬಲು ಹಗುರವಾಗಿದ್ದವು.