ನಾದಿನಿಯ ಮೂಗು

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತು ಹಾಸು ಹೊದಿಕೆಗಳನ್ನು ಮಡಿಸುವುದು ಅವಳ ಉದ್ಯೋಗ. ಆದರೆ ಹೆಸರು ತಂದುಕೊಟ್ಟದ್ದು ಅವಳು ಮನೆಯಲ್ಲಿ ಮಾಡುತ್ತಿದ್ದ ಹಾಲಿನ ಟಾಫಿ. ವರ್ಷದ ಕೊನೆಯ ರಜೆ ಹತ್ತಿರ ಬಂತೆಂದರೆ ಸಕ್ಕರೆ ಕೆಂಪಾಗುವ ಘಮ ಅವಳ ಅಡುಗೆಮನೆಯಿಂದ ಹೊರಟು ಮೆಟ್ಟಿಲಿಳಿದು ಬೀದಿಬಾಗಿಲ ತನಕ ಬರುತ್ತಿತ್ತು. ಬೆಣ್ಣೆಕಾಗದದಲ್ಲಿ ಸುತ್ತಿದ ತುಂಡುಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ, ಮೇಲೊಂದು ಬಣ್ಣದ ದಾರ ಕಟ್ಟಿ, ಕಟ್ಟಡದ ಮನೆಮನೆಗೂ ಜೊತೆಯಲ್ಲಿ ಕೆಲಸ ಮಾಡುವವರಿಗೂ ಕೊಡುವಳು. ಕೊಡುವಾಗ ಅವಳ ಮುಖ ನೋಡಬೇಕು, ತನಗೇ ಯಾರೋ ಉಡುಗೊರೆ ಕೊಟ್ಟಂತಿರುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಬಂದ ಜ್ವರ ಅವಳ ಮೂಗನ್ನು ಹೊತ್ತುಕೊಂಡು ಹೋಗಿತ್ತು. ಮೂಗು ಮುಖದ ಮೇಲೆಯೇ ಇತ್ತು, ವಾಸನೆ ಮಾತ್ರ ಇಲ್ಲ. ವಾಸನೆಯ ಹಿಂದೆಯೇ ರುಚಿಯೂ ಹೋಯಿತು. ಕಾಫಿ ಬಿಸಿನೀರಾಯಿತು, ಹಣ್ಣು ಒದ್ದೆ ಹತ್ತಿಯಾಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಯಾರಿಗೂ ಹೇಳಲಿಲ್ಲ. ಕಾಲು ಮುರಿದರೆ ಜನ ಅಯ್ಯೋ ಅನ್ನುತ್ತಾರೆ, ಮೂಗು ಕೆಲಸ ಮಾಡುವುದಿಲ್ಲವೆಂದರೆ ನಗುತ್ತಾರೆ. ಅದು ಅವಳಿಗೆ ಗೊತ್ತಿತ್ತು.

ರಜೆ ಹತ್ತಿರ ಬಂತು. ಟಾಫಿ ಮಾಡದಿದ್ದರೆ ಎಲ್ಲರೂ ಕಾರಣ ಕೇಳುತ್ತಾರೆ. ಬಣ್ಣ ನೋಡಿ, ಪಾಕ ಕುದಿಯುವ ಸದ್ದು ಕೇಳಿ ಮಾಡಿಬಿಡುತ್ತೇನೆ ಎಂದುಕೊಂಡಳು. ಮಾಡಿಯೂ ಮಾಡಿದಳು. ನೋಡಲು ಎಂದಿನಂತೆಯೇ ಹೊಳೆಯುತ್ತಿತ್ತು. ಡಬ್ಬಿಗಳನ್ನು ಹಂಚಿ ಬಂದಳು.

ಮರುದಿನ ಎದುರಾದವರೆಲ್ಲ ಹೊಗಳಿದರು. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು, "ಏನಮ್ಮ ದೊಡ್ಡಕ್ಕ, ವರ್ಷವರ್ಷಕ್ಕೂ ಕೈ ಪಳಗ್ತಾ ಇದೆ" ಎಂದರು. ಅವಳ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು.

ಮಾತಾಡದೆ ಉಳಿದವಳು ನಾದಿನಿ ಒಬ್ಬಳೇ. ಗಂಡನ ತಂಗಿ, ಎದುರುಮನೆಯಲ್ಲೇ ಒಂಟಿಯಾಗಿ ವಾಸ. ಅಚ್ಚುಮನೆಯಲ್ಲಿ ತಪ್ಪು ತಿದ್ದುವ ಕೆಲಸ ಅವಳದು. ಅದು ಅಚ್ಚುಮನೆಗಷ್ಟೇ ನಿಂತಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ಹೆಣ್ಣು ಗಂಡಿನ ಹೆಸರಿಗಿಂತ ಮೊದಲು ಕಾಗುಣಿತ ನೋಡುವಳು. ಕಡ್ಡಿ ಮುರಿದಂತೆ ಮಾತು. ಅವಳಿಗೂ ದೊಡ್ಡಕ್ಕನಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸಂಜೆ ಅವಳು ಡಬ್ಬಿ ಹಿಡಿದುಕೊಂಡೇ ಬಂದಳು.

"ಅತ್ತಿಗೆ, ಬೆಣ್ಣೆ ಕಮಟಾಗಿದೆ. ಸಕ್ಕರೇನೂ ಒಂಚೂರು ಸೀದಿದೆ. ನೀನು ನೋಡ್ಲಿಲ್ವಾ?"

"ಊರೆಲ್ಲ ಚೆನ್ನಾಗಿದೆ ಅಂದ್ರು. ನಿನಗೊಬ್ಬಳಿಗೆ ಕಮಟು ಬಂತಾ?"

"ಊರಿನವರು ಮುಖ ನೋಡಿ ಹೇಳ್ತಾರೆ. ನಾನು ಬಾಯಿಗೆ ಹಾಕ್ಕೊಂಡು ಹೇಳ್ತಿದ್ದೀನಿ."

"ಎಲ್ಲದರಲ್ಲೂ ಮೂಗು ತೂರಿಸೋದೇ ಆಯ್ತು ನಿಂದು" ಎಂದು ದೊಡ್ಡಕ್ಕ ಬಾಗಿಲು ಹಾಕಿಕೊಂಡಳು.

ಬಾಗಿಲು ಹಾಕಿದಷ್ಟು ಸುಲಭವಾಗಿ ಮಾತು ಹೊರಗೆ ಉಳಿಯಲಿಲ್ಲ. ಮೊನ್ನೆ ಫ್ರಿಜ್ ಕೆಟ್ಟಾಗ ಬೆಣ್ಣೆ ಹೊರಗೇ ಇತ್ತಲ್ಲ ಎಂಬುದು ಈಗ ನೆನಪಾಯಿತು. ಬೇರೆ ವರ್ಷವಾಗಿದ್ದರೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತಿತ್ತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಕೆಲಸ ಮುಗಿಸಿ ಬಂದು ಕೈಗೆ ಮೆತ್ತಿದ ಗ್ರೀಸು ತಿಕ್ಕಿ ತೊಳೆಯುತ್ತಿದ್ದ. ಅವಳು ಹತ್ತಿರ ಹೋಗಿ ನಿಂತಳು.

"ನಿಜ ಹೇಳಿ. ಟಾಫಿ ಹೇಗಿತ್ತು?"

ಅವನು ನಲ್ಲಿ ನಿಲ್ಲಿಸಿದ. "ತಿಂದ್ನಲ್ಲ."

"ತಿಂದಿದ್ದು ಗೊತ್ತು. ಹೇಗಿತ್ತು ಅಂತ ಕೇಳ್ದೆ."

"ಚೆನ್ನಾಗಿರ್ಲಿಲ್ಲ" ಎಂದ ಅವನು, ಟವೆಲ್ಲಿಗೆ ಹೇಳುವಂತೆ. "ಜ್ವರ ಬಂದು ಹೋದ ಮೇಲೆ ಅಡುಗೇನೂ ಹಾಗೇ ಇದೆ. ಒಂದಿನ ಉಪ್ಪೇ ಇರಲ್ಲ, ಒಂದಿನ ಬಾಯಿಗಿಡೋಕೆ ಆಗಲ್ಲ. ಉಪ್ಪು ಜಾಸ್ತಿಯಾದ ದಿನ ನೀರು ಕುಡೀತಿದ್ದೆ."

"ಹೇಳೋಕೇನಾಗಿತ್ತು?"

"ನೀನಾಗೇ ಹೇಳ್ಲಿ ಅಂತಿದ್ದೆ. ಬಚ್ಚಿಡ್ತಿದ್ದೀಯ ಅಂದ್ರೆ ಏನೋ ನೋವಿರಬೇಕು ಅನ್ನಿಸ್ತು."

ದೊಡ್ಡಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತಳು. ಅವಳು ಅತ್ತದ್ದು ಟಾಫಿಗಲ್ಲ. ತಾನು ಇಷ್ಟು ತಿಂಗಳು ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡದ್ದರ ಇನ್ನೊಂದು ತುದಿಯನ್ನು ಅವನು ಸದ್ದಿಲ್ಲದೆ ಹಿಡಿದುಕೊಂಡಿದ್ದನಲ್ಲ, ಅದಕ್ಕೆ.

ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಎದುರುಮನೆಯ ಬಾಗಿಲು ತಟ್ಟಿದಳು. ನಾದಿನಿ ಜಗಳಕ್ಕೆ ಸಿದ್ಧಳಾಗಿಯೇ ಬಾಗಿಲು ತೆಗೆದಳು.

"ನಂಗೆ ವಾಸನೆ ಬರಲ್ಲ ಕಣೆ. ರುಚೀನೂ ಇಲ್ಲ. ಜ್ವರದಿಂದ ಈಚೆಗೆ" ಎಂದಳು ದೊಡ್ಡಕ್ಕ ಒಂದೇ ಉಸಿರಿಗೆ.

ನಾದಿನಿ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. "ಗ್ಯಾಸ್ ಸೋರಿದ್ರೆ ಏನು ಮಾಡ್ತಿದ್ದೆ ಮಹಾತಾಯಿ?" ಎಂದು ಗದರಿ, ಚಪ್ಪಲಿ ಮೆಟ್ಟಿಕೊಂಡಳು. "ನಡಿ, ಅಂಗಡಿ ಮುಚ್ಚೋದ್ರೊಳಗೆ ಹೊಸ ಬೆಣ್ಣೆ ತರೋಣ."

"ಮೂಗು ತೂರಿಸಬೇಡ ಅಂತ ಈಗಷ್ಟೇ ಬೈದೆ."

"ಈಗ ನೀನೇ ಕರೆಯೋಕೆ ಬಂದಿದ್ದೀಯ. ನಡಿ."

ರಜೆಯ ಮೊದಲ ದಿನ ಬೆಳಿಗ್ಗೆ ಇಬ್ಬರೂ ಒಲೆಯ ಮುಂದೆ ನಿಂತರು. ದೊಡ್ಡಕ್ಕನ ಕೈ, ನಾದಿನಿಯ ಮೂಗು. ಆದರೆ ನಾದಿನಿ ಜನ್ಮದಲ್ಲಿ ಪಾಕ ಹಿಡಿದವಳಲ್ಲ. ಬಾಣಲೆಯಲ್ಲಿ ಸಕ್ಕರೆ ಕರಗತೊಡಗಿತು.

"ಏನು ವಾಸನೆ ಬರ್ತಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ನಂಗೇನು ಗೊತ್ತಾಗತ್ತೆ? ಯಾವುದರ ಥರ ಇದೆ ಹೇಳು."

ನಾದಿನಿ ಕಣ್ಣು ಮುಚ್ಚಿ ಯೋಚಿಸಿದಳು. "ಬಿಸಿಲಲ್ಲಿ ಒಣಗಿದ ಹುಲ್ಲಿನ ಥರ."

"ಹಾಗಾದ್ರೆ ಇನ್ನೂ ಹೊತ್ತಿದೆ. ನಾನು ಕಲಕ್ತಿರ್ತೀನಿ, ನೀನು ಮೂಸ್ತಿರು."

"ಈಗ ಸುಟ್ಟ ಕಡಲೆಕಾಯಿ ಥರ. ಅದರ ಹಿಂದೆ ಒಂಚೂರು ಕಹಿ, ಮೂಗಿನ ಮೇಲ್ಗಡೆ ಚುಚ್ಚತ್ತೆ."

"ಅದೇ. ಹಾಲು ಹಾಕು. ಬೇಗ."

ಮೊದಲ ಬಾಣಲೆ ಗಂಟುಗಟ್ಟಿತು, ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಎರಡನೆಯದು ಹದವಾಗಿ ಬಂತು. ನಾದಿನಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿಯುತ್ತಲೇ ಇದ್ದಳು. ದೊಡ್ಡಕ್ಕ ಪರೀಕ್ಷೆಗೆ ಕೂತ ಮಗುವಿನಂತೆ ಕಾದಳು.

"ಕೊಡಬಹುದು" ಎಂದಳು ನಾದಿನಿ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಇಬ್ಬರೂ ಮತ್ತೆ ಮನೆಮನೆಗೆ ಹೋದರು. ಹೊಸ ಡಬ್ಬಿ ಕೊಡುವಾಗ ದೊಡ್ಡಕ್ಕ ತಾನೇ ಹೇಳಿದಳು, "ಮೊದಲು ಕೊಟ್ಟಿದ್ದು ಕೆಟ್ಟಿತ್ತು. ನಂಗೆ ವಾಸನೆ ಹೋಗಿದೆ, ಗೊತ್ತಾಗ್ಲಿಲ್ಲ." ಮೇಷ್ಟ್ರು, "ಛೇ ಛೇ, ಬಹಳ ಚೆನ್ನಾಗಿತ್ತಮ್ಮ, ಆಗ್ಲೇ ಖಾಲಿಯಾಯ್ತು" ಎನ್ನುತ್ತಿದ್ದಂತೆ ಅವರ ಹೆಂಡತಿ ಒಳಗಿನಿಂದ ತುಂಬಿದ ಡಬ್ಬಿಯನ್ನೇ ತಂದು ನಾದಿನಿಯ ಕೈಗಿಟ್ಟರು. ಮೇಷ್ಟ್ರ ಮುಖ ನೋಡಿ ದೊಡ್ಡಕ್ಕನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಯಾರೂ ಅವಳನ್ನು ನೋಡಿ ನಗಲಿಲ್ಲ. ರಜೆ ಮುಗಿದು ಆಸ್ಪತ್ರೆಗೆ ಡಬ್ಬಿ ಒಯ್ದಾಗ, ಇಸ್ತ್ರಿ ಯಂತ್ರದ ಬಳಿ ಜೊತೆಗೆ ನಿಲ್ಲುವ ಹೆಂಗಸು, "ನಮ್ಮ ಚಿಕ್ಕಮ್ಮಂಗೂ ಹೀಗೇ ಆಗಿತ್ತು. ಇಲ್ಲೇ ಮೇಲ್ಗಡೆ ಡಾಕ್ಟ್ರಿದ್ದಾರೆ, ತೋರಿಸು" ಎಂದು ಕೈ ಹಿಡಿದುಕೊಂಡಳು.

ಡಾಕ್ಟರು ನೋಡಿದರು. ಬರಬಹುದು, ಬರದೆಯೂ ಇರಬಹುದು, ಬಂದರೂ ಮೊದಮೊದಲು ತಪ್ಪುತಪ್ಪಾಗಿ ಬರಬಹುದು, ಎಂದರು. ಲವಂಗ, ನಿಂಬೆಸಿಪ್ಪೆಗಳನ್ನು ದಿನಾ ಮೂಸಿ ಮೂಗಿಗೆ ಪಾಠ ಹೇಳಿಕೊಡಬೇಕಂತೆ.

ಪಾಠ ಹೇಳಿಕೊಡುವ ಭಾರ ನಾದಿನಿಯ ಮೇಲೆ ಬಿತ್ತು. ಅಚ್ಚುಮನೆಗೆ ಹೋಗುವ ಮುಂಚೆ ಬಂದು, ಹಾಲು ಒಡೆದಿದೆಯೋ ಇಲ್ಲವೋ ನೋಡಿ, ಅತ್ತಿಗೆಯ ಕಣ್ಣು ಮುಚ್ಚಿಸಿ ಮೂಗಿನ ಮುಂದೆ ಒಂದೊಂದೇ ಹಿಡಿಯುವಳು. ವಾರಗಟ್ಟಲೆ ಏನೂ ಆಗಲಿಲ್ಲ. ಇಬ್ಬರಿಗೂ ಬೇಸರ ಬಂತು, ಆದರೂ ಬಿಡಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಕ್ಕ ಹುಬ್ಬು ಗಂಟಿಕ್ಕಿದಳು.

"ಏನೋ ಇದೆ."

"ಏನು?"

"ಗೊತ್ತಿಲ್ಲ. ರಬ್ಬರ್ ಥರ. ಕೆಟ್ಟ ವಾಸನೆ."

ನಾದಿನಿಯ ಕೈಯಲ್ಲಿದ್ದದ್ದು ನಿಂಬೆಸಿಪ್ಪೆ. ಅವಳು ಚಾಕು ತೆಗೆದುಕೊಂಡು ಇನ್ನೊಂದು ನಿಂಬೆಹಣ್ಣು ಕೊಯ್ದಳು.