ಇಪ್ಪತ್ತೆರಡು ಮನೆಗೆ ಒಂದೇ ವಿಳಾಸ

ಮಂಡಿ ಮೊಹಲ್ಲಾದ ಆ ಗಲ್ಲಿಯಲ್ಲಿ ಒಬ್ಬರಿಗೆ ಸೀನು ಬಂದರೆ ಇಪ್ಪತ್ತೆರಡು ಮನೆಯವರೂ ಮೂಗು ಒರೆಸಿಕೊಳ್ಳುತ್ತಾರೆ. ಅಂಥವರು ಜೆನ್ನಿಯ ಮದುವೆಗೆ ಸಮುದಾಯ ಭವನ ಹಿಡಿಯುವ ಕೆಲಸವನ್ನು ಅವಳೊಬ್ಬಳಿಗೇ ಬಿಟ್ಟುಕೊಟ್ಟಾರೇ? ತಪಸ್ಸುಕಾಲ ಶುರುವಾದರೆ ಚರ್ಚಿನಲ್ಲಿ ಮದುವೆಯಿಲ್ಲ. ಅದಕ್ಕೆ ಮುಂಚೆ ಭವನದಲ್ಲಿ ಉಳಿದಿದ್ದು ಒಂದೇ ಒಂದು ಸೋಮವಾರ. ಅದು ತಪ್ಪಿದರೆ ಈಸ್ಟರ್ ಕಳೆಯಬೇಕು. ಮದುವೆಯಾಗುವ ಹುಡುಗ ಆಂಟೋಗಾಗಿ ಎರಡು ವರ್ಷ ಕಾದವಳಿಗೆ ಇನ್ನೆರಡು ತಿಂಗಳೆಂದರೆ ಎರಡು ಯುಗ.

ಬುಕಿಂಗ್ ಆನ್‌ಲೈನಿನಲ್ಲಿ, ಬೆಳಿಗ್ಗೆ ಹತ್ತಕ್ಕೆ. ಅಜ್ಜಿ ಸೆಲ್ವಮೇರಿ ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದರು: “ಹತ್ತು ಹೊಡೆದ ತಕ್ಷಣ ಎಲ್ರೂ ಒತ್ರಮ್ಮ. ಯಾರ ಕೈಗುಣಕ್ಕಾದ್ರೂ ಸಿಕ್ಕೀತು.”

ಹತ್ತು ಹೊಡೆಯಿತು. ಎಲ್ಲರೂ ಒತ್ತಿದರು. ಒತ್ತಿದ್ದೇ ಒತ್ತಿದ್ದು! ಎರಡೇ ನಿಮಿಷಕ್ಕೆ ಎಲ್ಲರ ಪರದೆಯ ಮೇಲೂ ಒಂದೇ ಸಾಲು: ‘ನಿಮ್ಮ ವಿಳಾಸದಿಂದ ಅತಿಯಾದ ಕೋರಿಕೆಗಳು ಬಂದಿವೆ. ಒಂದು ಗಂಟೆ ಬಿಟ್ಟು ಪ್ರಯತ್ನಿಸಿ.’

ಗಲ್ಲಿಯ ತುದಿಯ ಕೇಬಲ್ ಆಫೀಸಿನಲ್ಲಿ ಇಂಟರ್ನೆಟ್ ನೋಡಿಕೊಳ್ಳುವವಳೇ ಜೆನ್ನಿ. ಅವಳಿಗೆ ತಕ್ಷಣ ಹೊಳೆಯಿತು. ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಒಳಗೆ ಬಂದರು.

“ಯಾರ ಕಣ್ಣು ಬಿತ್ತೇ ಜೆನ್ನಿ?”

“ಕಣ್ಣಲ್ಲಜ್ಜಿ. ಇಂಟರ್ನೆಟ್ಟಿನ ಹಳೇ ವಿಳಾಸ ಇರೋದೇ ನಾನೂರು ಕೋಟಿ ಚಿಲ್ಲರೆ. ಜನ ಎಂಟುನೂರು ಕೋಟಿ. ಸಾಲ್ದೆ, ನಮ್ಮ ಇಡೀ ಗಲ್ಲಿಗೆ ಒಂದೇ ವಿಳಾಸ ಹಂಚಿದೀವಿ. ಒಂದೇ ಬಾಗಿಲಿಂದ ಇಪ್ಪತ್ತೆರಡು ಮನೆಯೋರು ‘ನನ್ಗೆ, ನನ್ಗೆ’ ಅಂದ್ರೆ ಅವರು ಕದ ಹಾಕ್ಕೊಳ್ದೆ ಏನ್ಮಾಡ್ತಾರೆ?”

“ಬೇರೆ ಬಾಗಿಲು ಇಕ್ಕೇ ಮತ್ತೆ!”

ಬಾಗಿಲೇನೋ ಇತ್ತು. ಐಪಿವಿ ಸಿಕ್ಸ್ ಎಂಬ ಹೊಸ ಪದ್ಧತಿಯಲ್ಲಿ ಕಪಿಲಾ ನದಿಯ ಮರಳಿನ ಕಣಕಣಕ್ಕೂ ವಿಳಾಸ ಕೊಟ್ಟು, ಮಿಕ್ಕಿದ್ದನ್ನು ಆಕಾಶದ ಚುಕ್ಕಿಗಳಿಗೆ ಎರಚಬಹುದು. ಭವನದ ಜಾಲತಾಣವೂ ಅದನ್ನು ಒಪ್ಪುತ್ತಿತ್ತು. ಆದರೆ ಕೇಬಲ್ ಆಫೀಸಿನ ಮಾಲೀಕ ಸದಾಶಿವಯ್ಯ ಅದನ್ನು ಗಲ್ಲಿಗೆ ಕೊಡುವುದನ್ನು ಮೂರು ತಿಂಗಳಿಂದ ಮುಂದೂಡುತ್ತಲೇ ಇದ್ದರು. ಮೊಬೈಲಿನಲ್ಲಿ ನೋಡೋಣವೆಂದರೆ ಮಂಡಿಯ ಗೋದಾಮುಗಳ ನಡುವೆ ಸಿಗ್ನಲ್ ಇಣುಕುವುದೂ ಇಲ್ಲ. ಹೆಬ್ಬಾಳದ ಕಾರ್ಖಾನೆಯಲ್ಲಿ ಆಂಟೋನ ಫೋನು ಶಿಫ್ಟ್ ಮುಗಿಯುವ ತನಕ ಲಾಕರಿನಲ್ಲಿ.

“ಸರ್, ಈಗ್ಲಾದ್ರೂ ಆನ್ ಮಾಡ್ಲಾ?”

“ಇರೋದೂ ಕೈಕೊಟ್ಟರೆ ಜನ ನನ್ನನ್ನ ಬಿಟ್ಟಾರಾ?”

“ಆಫೀಸ್ ಲೈನಲ್ಲಿ ಮೂರು ತಿಂಗಳಿಂದ ಓಡ್ತಾ ಇದೆ ಸರ್. ನೀವು ದಿನಾ ಕ್ರಿಕೆಟ್ ನೋಡೋದು ಅದರಲ್ಲೇ.”

ಸದಾಶಿವಯ್ಯ ತಲೆ ಕೆರೆದುಕೊಂಡರು. “ಮೊದಲ ಪಂಕ್ತಿಲಿ ನನ್ನ ಎಲೆ ಇರಬೇಕು, ನೋಡು!”

ಜೆನ್ನಿಯ ಬೆರಳು ಕುಣಿದವು. ಗುಂಡಿ ಒತ್ತಿದವಳೇ ಗಲ್ಲಿಗೆ ಹಾರಿದಳು. “ಡಬ್ಬಿ ಆರ್ಸಿ ಹಾಕಿ! ಎಲ್ರೂ ಇಂಟರ್ನೆಟ್ ಡಬ್ಬಿ ಆರ್ಸಿ ಹಾಕಿ!” ಹಿಂದೆಯೇ ಅಜ್ಜಿ, ತಟ್ಟೆಗೆ ಸೌಟು ಬಡಿಯುತ್ತಾ. ಕಿಟಕಿ ಕಿಟಕಿಯಲ್ಲಿ ಹಸಿರು ದೀಪಗಳು ಆರಿದವು, ಮಿಣುಕಿದವು, ಹತ್ತಿಕೊಂಡವು. ಹಾಡುಹಗಲೇ ಗಲ್ಲಿಯ ತುಂಬ ಮಿಂಚುಹುಳ! ಮನೆಗೊಂದು ಬಾಗಿಲು, ಬಾಗಿಲಿಗೊಂದು ವಿಳಾಸ.

“ಸಿಕ್ತು ಕಣ್ರೋ!” ಮೂರನೇ ಮನೆಯ ವಸಂತಮ್ಮ ಫೋನು ಎತ್ತಿ ಹಿಡಿದು ಹೊರಗೋಡಿ ಬಂದರು. ಗಲ್ಲಿಯೆಲ್ಲ ಮುತ್ತಿಕೊಂಡಿತು. ಜೆನ್ನಿ ಫೋನು ಕಸಿದುಕೊಂಡು ಓದಿದಳು: ಸೋಮವಾರ, ಸರಿ. ಭವನ, ಸರಿ. ವಧು, ವಸಂತಮ್ಮ. ವರ, ಜವರಯ್ಯ.

“ಹೆಸರು ಕೇಳ್ತು. ನಂದು ಹೇಳ್ದೆ,” ಎಂದರು ವಸಂತಮ್ಮ. “ಗಂಡಿನ ಹೆಸರು ಅಂತು. ನಂಗಿರೋನು ಒಬ್ನೇ ಅಲ್ವಾ ಕಣಮ್ಮ?”

ಹೆಸರನ್ನು ವಾರದೊಳಗೆ ತಿದ್ದಿಸಬಹುದೆಂದು ಕೆಳಗೇ ಬರೆದಿತ್ತು. ಅದನ್ನು ಓದಿ ಹೇಳಲು ಜೆನ್ನಿಗೆ ನಗುವಿನ ನಡುವೆ ಉಸಿರೇ ಸಿಗಲಿಲ್ಲ.

“ನಲವತ್ತು ವರ್ಷ ಆದ್ಮೇಲೂ ನಾನೇ ಬೇಕಾ?” ಜಗಲಿಯಿಂದ ಜವರಯ್ಯ ಕೂಗಿದರು.

“ಈ ವಯಸ್ನಲ್ಲಿ ಇನ್ಯಾರು ಸಿಗ್ತಾರೆ? ತೆಪ್ಗಿರಿ!”

“ತಿದ್ದಿಸ್ಬೇಡ ಕಣವ್ವ ಜೆನ್ನಿ, ಸೇರಿಸ್ಬುಡು,” ಎನ್ನುತ್ತಾ ಜವರಯ್ಯ ಮೀಸೆ ತಿರುವಿದರು. “ಎರಡು ಜೋಡಿನೂ ನಿಂತ್ಕೊಬುಡಾಣ. ಊಟ ಹೆಂಗೂ ಒಂದೇ ಅಲ್ವಾ?”